ನಿನ್ನಲ್ಲಿ ಎರಡು, ನನ್ನಲ್ಲಿ ಮೂರು

ಓಂಡೀನಾ,
ನಿನ್ನ ಫಯಾಲ್ ದ್ವೀಪದಲ್ಲೀಗ ರಾತ್ರಿ ಎರಡು,
ಇಲ್ಲಿ ಫೆಲ್ಗೆರಾಸ್‌ನಲ್ಲಿ ಮೂರು.
ನೀನು ಒಂದು ಗಂಟೆ ಹಿಂದೆ,
ನಾನು ನಾಲ್ಕು ವರ್ಷ ಮುಂದೆ.
ಅಷ್ಟೇ ವ್ಯತ್ಯಾಸ.

ಒಲೆ ಹಚ್ಚಬೇಡ. ಕಾರ್ನ್‌ಫ್ಲೋರ್ ಬೇಯಬಾರದು.
ತಣ್ಣೀರಲ್ಲಿ ಕದಡು, ಗಂಟು ಒಡೆ.
ಡಾಕ್ಟರು ಬರೆದಷ್ಟೇ ಚಮಚ, ಕಣ್ಣಳತೆ ಬೇಡ,
ಈ ಹೊತ್ತಿನಲ್ಲಿ ಕಣ್ಣನ್ನು ನಂಬಬಾರದು.
ಕುಡಿಸಿದ ಮೇಲೆ ‘ಆಯ್ತು’ ಅಂತ ಕಳಿಸು,
ನಾನೂ ಕಳಿಸುತ್ತೇನೆ. ಆಮೇಲೆ ಮಲಗೋಣ.

ಕಾಯಿಲೆಯ ಹೆಸರನ್ನು ಎರಡು ಸಲ ತಪ್ಪಾಗಿ ಹೇಳಿದೆ ನೀನು.
ನನಗೂ ನಾಲಿಗೆ ಹೊರಳಿರಲಿಲ್ಲ.
ಇಬ್ಬರು ಡಾಕ್ಟರರ ಹೆಸರು ಜೋಡಿಸಿದ ಪದವಂತೆ,
ಯಾವತ್ತೋ ಸತ್ತ ಇಬ್ಬರು ಗಂಡಸರು
ನನ್ನ ಮಗನ ಹೆಸರಿನ ಪಕ್ಕ ಬಂದು ನಿಂತರು.
ಪೋರ್ಟೋದ ಆಸ್ಪತ್ರೆಯಲ್ಲಿ ನರ್ಸ್ ಅಳೆದಳು,
ತಲೆ, ಎದೆ, ಎಡಗಾಲು, ಮತ್ತೆ ಎಡಗಾಲು.
ಅವಳು ಅಳೆದಳು, ನಾನು ಅಳಲಿಲ್ಲ.
ಹೊರಗೆ ಬಂದು ಪಾರ್ಕಿಂಗ್ ಚೀಟಿ ಕಳೆದದ್ದಕ್ಕೆ ಅತ್ತೆ,
ಗೇಟಿನ ಹುಡುಗ ಹೆದರಿ ದುಡ್ಡೇ ಬೇಡ ಅಂದ.

ಗೆರೆಗಳ ಹಾಳೆ ಕೊಟ್ಟಿದ್ದಾರಲ್ಲ,
ಊರ ಮಕ್ಕಳೆಲ್ಲ ಗೆರೆ ಹಿಡಿದು ಹತ್ತಿಹೋಗುವುದು,
ನಮ್ಮವು ಕೆಳಗೆ, ಬಿಳಿ ಅಂಚಿನಲ್ಲಿ,
ಪೆನ್ನು ತಪ್ಪಿ ತಾಗಿದ ಚುಕ್ಕಿಯ ಹಾಗೆ.
ಫ್ರಿಜ್ಜಿಗೆ ಅಂಟಿಸಬೇಡ. ನಾನು ಅಂಟಿಸಿದ್ದೆ.
ಅದೆಲೀನು ಒಂದು ದಿನ ಕಿತ್ತು, ಹಿಂಬದಿಯಲ್ಲಿ
ತನ್ನ ಬ್ರೆಡ್ ವ್ಯಾನಿನ ಲೆಕ್ಕ ಬರೆದ.
ಮೂರು ದಿನ ಮಾತು ಬಿಟ್ಟೆ.
ನಾಲ್ಕನೆಯ ದಿನ ಅದರ ಕೆಳಗೇ ನಾನೂ ಬರೆದೆ:
ಮೊಟ್ಟೆ ಒಂದು ಡಜನ್, ಬೆಣ್ಣೆ ಕಾಲು ಕಿಲೋ.

ಎದೆಹಾಲು ಸಾಲದೇನೋ ಅಂದಳಂತೆ ನಿನ್ನ ಅತ್ತೆ.
ನಮ್ಮ ಶೂ ಕಾರ್ಖಾನೆಯಲ್ಲೂ ಅಂದರು,
ಬಸುರಿಯಲ್ಲಿ ಅಷ್ಟು ಅಂಟಿನ ವಾಸನೆ ಕುಡಿದೆಯಲ್ಲ, ಅಂತ.
ಹೊಲಿಗೆ ನಿಲ್ಲಿಸದೆ ಕೇಳಿಸಿಕೊಂಡೆ.
ಬರೆದುಕೋ: ನಾನೇನೂ ತಪ್ಪು ಮಾಡಿಲ್ಲ.
ಬರೆದುಕೊಂಡೆಯಾ? ಓದಿ ಹೇಳು.

ದೆಲ್ಫಿಂ ಬಾಯಿ ಬಿಡುವುದಿಲ್ಲ ಅಂತೀಯ.
ದೋಣಿಯಿಂದ ಇಳಿದವನೇ ಮಗಳನ್ನು
ಮೀನಿನ ತಕ್ಕಡಿಯಲ್ಲಿಟ್ಟನಂತೆ, ಏಳು ಕಿಲೋ ಮುನ್ನೂರು,
ಆಮೇಲೆ ತಟ್ಟೆಯನ್ನು ಉಜ್ಜಿ ಉಜ್ಜಿ ತೊಳೆದನಂತೆ, ಕತ್ತಲಾಗುವವರೆಗೆ.
ಬಯ್ಯಬೇಡ. ಅವನ ನಂಬರು ಅದೆಲೀನುಗೆ ಕೊಡುತ್ತೇನೆ.
ಮೊದಲು ಫುಟ್‌ಬಾಲ್ ಮಾತಾಡಿಕೊಳ್ಳಲಿ,
ನಲವತ್ತನೆಯ ನಿಮಿಷಕ್ಕೆ ವಿಷಯಕ್ಕೆ ಬರುತ್ತಾರೆ.

ಹೀಗೆಲ್ಲ ಹೇಳಿದ್ದೆ ಮೊದಲ ಚಳಿಗಾಲ,
ಎಲ್ಲ ತಿಳಿದವಳ ಹಾಗೆ.

ಮಾರ್ಚಿನ ಒಂದು ಗುರುವಾರ ಡಬಲ್ ಶಿಫ್ಟ್ ಮುಗಿಸಿ
ಕೋಟು ಬಿಚ್ಚದೆ ಬಿದ್ದುಕೊಂಡಿದ್ದೆ, ಅಲಾರಂ ಕೇಳಲಿಲ್ಲ.
ನನ್ನ ‘ಆಯ್ತು’ ಬರಲಿಲ್ಲವೆಂದು ನೀನು ಕರೆದೆ,
ಕರೆದೆ, ಐದನೆಯ ಸಲಕ್ಕೆ ಎದ್ದೆ.
ತೊಮೆ ತಣ್ಣಗೆ ಬೆವೆತಿದ್ದ, ತುಟಿ ಮೇಣ.
ಜೇನಿನ ಡಬ್ಬಿಯ ಮುಚ್ಚಳ ತಿರುಗದು, ಕೈ ನಡುಗುತ್ತದೆ,
ಅಷ್ಟು ದೊಡ್ಡ ಕಡಲಿನ ಆಚೆಯಿಂದ ನಿನ್ನ ದನಿ:
‘ನಿಧಾನ, ಝುಲ್ಮೀರಾ, ಒಸಡಿಗೆ, ಒಸಡಿಗೆ ಹಚ್ಚು,
ಅದೆಲೀನು ಆಂಬ್ಯುಲೆನ್ಸಿಗೆ ಹೇಳಲಿ.’
ನಾನು ಕಲಿಸಿದ್ದನ್ನೇ ನನಗೆ ಹೇಳಿಕೊಟ್ಟೆ.
ಅವರು ಬರುವಷ್ಟರಲ್ಲಿ ಅವನು ಕಣ್ಣು ಬಿಟ್ಟು
ಅಂಟಂಟು ಅಂತ ಮುಖ ಒರೆಸಿಕೊಂಡ.

ನಿನ್ನ ಈರಿಯಾಳ ಪಾದದ ಗೆರೆ ಕಾಗದದಲ್ಲಿ ಬಂದಾಗ
ಉಳಿದ ಚರ್ಮದ ತುಂಡುಗಳಲ್ಲಿ ಹೊಲಿದೆ,
ಎಡ ಅಟ್ಟೆಗೆ ಎಂಟು ಮಿಲಿಮೀಟರು ಹೆಚ್ಚು.
ಮೇಸ್ತ್ರಿ ಎತ್ತಿ ನೋಡಿ ‘ಜೋಡಿ ತಪ್ಪಿದೆ’ ಅಂದ.
‘ಇಲ್ಲ, ಇದೇ ಜೋಡಿ’ ಅಂದೆ.

ಈಗ ಹೆದರಿ ಹೆದರಿ ಹೇಳುತ್ತಿದ್ದೀಯ,
ಅಷ್ಟು ಕಷ್ಟಪಟ್ಟು ಮಾಡಿದೆ, ಏನಂದುಕೊಳ್ತೀಯೋ,
ಶೂ ಬಿಗಿಯಾಗ್ತಿದೆ ಕಣೇ, ಹೆಬ್ಬೆರಳು ಒತ್ತುತ್ತಂತೆ.

ಲೋಟದೊಳಗೆ ನನ್ನ ಚಮಚ ನಿಂತಿತು.
ತಡಿ, ಓಂಡೀನಾ, ಅದೆಲೀನುವನ್ನು ಎಬ್ಬಿಸುತ್ತೇನೆ.
ಇನ್ನೊಮ್ಮೆ ಹೇಳು.